ಡಾಕ್ಟರ ದನಿಯಲ್ಲಿ ನಾನು ಕೊಟ್ಟ ಭರವಸೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊಲ್ಹಾಪುರದ ಒಂದು ಆಸ್ಪತ್ರೆಯ ಮೆಟ್ಟಿಲ ಕೆಳಗೆ ನಿಂತು, ಬೇರೆಯವನ ಮೊಬೈಲು ಕಿವಿಗೆ ಹಿಡಿದುಕೊಂಡು, ಡಾಕ್ಟರರ ದನಿ ತೆಗೆದು ಸ್ವಂತ ಅತ್ತೆಗೆ ಸುಳ್ಳು ಹೇಳಿದವನು ನಾನು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಒಳಗೆ ಮಾಮಾನ ಶ್ವಾಸಕೋಶ ಕೈಕೊಟ್ಟಿತ್ತು, ಹೊರಗೆ ನನ್ನ ಬುದ್ಧಿ ಕೈಕೊಟ್ಟಿತು. ಒಳಗಿನದಕ್ಕಾದರೂ ಯಂತ್ರವಿತ್ತು. ಇನ್ನೂ ನಾಚಿಕೆಯ ಸಂಗತಿಯೆಂದರೆ ಆ ದಿನ ದನಿ ಬಹಳ ಚೆನ್ನಾಗಿ ಬಂದಿತ್ತು. ಈಗಲೂ ನೆನೆಸಿಕೊಂಡರೆ ನಾಚಿಕೆ ಬರುವ ಮೊದಲು ಒಂದು ಗಳಿಗೆ ಜಂಬ ಬಂದುಹೋಗುತ್ತದೆ. ಆಮೇಲೆ ಆ ಜಂಬಕ್ಕೂ ಸೇರಿಸಿ ನಾಚಿಕೆಪಡುತ್ತೇನೆ.

ನಾನು ಇಚಲಕರಂಜಿಯವನು. ನಮ್ಮ ಓಣಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು. ಶೆಡ್ಡಿನೊಳಗೆ ಇಬ್ಬರು ಮಾತಾಡಬೇಕೆಂದರೆ ದನಿ ಕೆಲಸಕ್ಕೆ ಬರುವುದಿಲ್ಲ, ತುಟಿ, ಹುಬ್ಬು, ಕೈಗಳೇ ಮಾತಾಡಬೇಕು. ಚಿಕ್ಕಂದಿನಲ್ಲಿ ಅಪ್ಪನ ಊಟದ ಡಬ್ಬಿ ಒಯ್ದು ಅಲ್ಲೇ ಕೂತು ನೋಡಿ ನೋಡಿ ನನಗೆ ಜನರ ಮುಖ ಕದಿಯುವ ಚಟ ಹತ್ತಿತು. ಮುಖ ಕೈಗೆ ಬಂದರೆ ದನಿ ತಾನಾಗಿ ಹಿಂದೆ ಬರುತ್ತದೆ. ಎಸ್‌ಟಿ ಬಸ್ಸಿನ ಕಂಡಕ್ಟರು, ಬೆಲ್ಲದ ಸವಾಲು ಕೂಗುವವರು, ನಾನು ಕೆಲಸ ಮಾಡುವ ಪೇಢಿ ಎಂಬ ಬಟ್ಟೆಯ ಸಗಟು ಅಂಗಡಿಯ ಮಾಲೀಕರು ಗಿರಾಕಿಯ ಜೊತೆ ಆಡುವ ಜೇನಿನಂಥ ಮರಾಠಿ, ಅದೇ ಉಸಿರಿನಲ್ಲಿ ನನಗೆ ಬಯ್ಯುವ ಕನ್ನಡ, ಯಾವುದನ್ನೂ ಬಿಟ್ಟಿಲ್ಲ. ಹೆಣ್ಣು ನೋಡಲು ಹೋದಾಗ ಚಹಾದ ಬಶಿ ಗಡಗಡ ನಡುಗಿಸಿ, ‘ಸಕ್ಕರಿ ಭಾಳ ಚಲೋ ಅದಾಳ’ ಎಂದುಬಿಟ್ಟ ವರನ ಪಾತ್ರವನ್ನೂ ಮದುವೆ ಮನೆಗಳಲ್ಲಿ ಮಾಡಿ ತೋರಿಸುತ್ತೇನೆ. ಆ ವರ ನಾನೇ. ಆ ಸಂಬಂಧ ಕೂಡಲಿಲ್ಲ.

ಮಾಮಾ ಎಂದರೆ ತಾಯಿಯ ಅಣ್ಣ. ಗಡಹಿಂಗ್ಲಜದಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಅವರ ದನಿ ಪೇಟೆಯ ಈ ತುದಿಯಲ್ಲಿ ಎದ್ದರೆ ಆ ತುದಿಯಲ್ಲಿ ಇಳಿಯುತ್ತಿತ್ತು. ನಗುವುದೂ ಹಾಗೇ: ಮೊದಲು ಒಂದು ಕೂಗು, ನಡುವೆ ಒಂದು ಸೀನು, ಕೊನೆಗೆ ಧೋತರದ ತುದಿಯಿಂದ ಕಣ್ಣೊರೆಸುವುದು. ನಾನು ಅದನ್ನು ಮಾಡಿ ತೋರಿಸಿದರೆ, “ಏ ಮಂಗ್ಯಾ, ನಾ ಹಂಗ ನಗ್ತೀನೇನಲೇ?” ಎಂದು ಸರಿಯಾಗಿ ಹಾಗೆಯೇ ನಗುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಜ್ವರ ಬಂತು. ಎಲ್ಲರಿಗೂ ಬರುವ ಜ್ವರ ಎಂದುಕೊಂಡು ಕಷಾಯ ಕುಡಿದು ಅಂಗಡಿಯಲ್ಲಿ ಕೂತರು. ಜ್ವರ ಎದೆಗಿಳಿಯಿತು. ಊರಿನ ಡಾಕ್ಟರರು ಎದೆಯ ಫೋಟೊ ತೆಗೆಸಿ ನೋಡಿ, ಮಾತು ಬೆಳೆಸದೆ ಕೊಲ್ಹಾಪುರಕ್ಕೆ ಕಳಿಸಿದರು. ಮಾಮಾನ ಮಗ ಫೌಂಡ್ರಿಯ ಕೆಲಸದ ಮೇಲೆ ಗುಜರಾತಕ್ಕೆ ಹೋದವನು ರೈಲಿನಲ್ಲಿದ್ದ. ಮಾಮಾನ ಹೆಂಡತಿ, ನನ್ನ ಅತ್ತೆಗೂ ಅದೇ ಜ್ವರ, ಏಳಲು ಆಗದಂಥದ್ದು. ಹೀಗಾಗಿ ಆಸ್ಪತ್ರೆಯ ಬೆಂಚಿಗೆ ಮನೆಯ ಕಡೆಯಿಂದ ಉಳಿದವನು ನಾನೊಬ್ಬ. ಮನೆತನದ ವಿದೂಷಕನ ಕೈಗೆ ಮನೆತನದ ಅತಿ ಕಷ್ಟದ ಕೆಲಸ ಬಂದುಬಿತ್ತು.

ಮಾಮಾನ ಬಾಯಿಗೆ ನಳಿಗೆ ಹಾಕಿ ಯಂತ್ರದ ಉಸಿರಿಗೆ ಜೋಡಿಸುವ ಮುನ್ನ ನರ್ಸ್ ಹೊರಗೆ ಬಂದು, ಅವರ ಕೊರಳಲ್ಲಿದ್ದ ಲಿಂಗದ ಬೆಳ್ಳಿಯ ಕರಡಿಗೆಯನ್ನು ನನ್ನ ಕೈಗಿಟ್ಟರು. ನಾನು ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಒಳಗೆ ಹೋಗಿ ನೋಡಿದಾಗ ಮಾಮಾನ ಹಣೆಯ ಮೇಲೆ ವಿಭೂತಿ ಇರಲಿಲ್ಲ. ಅಂಥ ಹಣೆಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಯಾರದೋ ಮಾಮಾ ಮಲಗಿದ್ದಾರೆ ಅನ್ನಿಸಿತು.

ನಮ್ಮನ್ನು ನೋಡುತ್ತಿದ್ದ ಡಾಕ್ಟರರು ನಲವತ್ತು ದಾಟಿದ ತೆಳ್ಳಗಿನ ಮನುಷ್ಯ. ಮಾತೆಲ್ಲ ಮರಾಠಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಗಡಿಯ ಕಡೆಯ ಪೇಶಂಟುಗಳ ಸಹವಾಸದಿಂದ ನಮ್ಮ ಕನ್ನಡ ಅವರಿಗೆ ಅರ್ಥವಾಗುತ್ತಿತ್ತು. ಪ್ರತಿ ಮಾತಿಗೂ ಮೊದಲು ‘ಹೇ ಬಘಾ’, ಅಂದರೆ ಇಲ್ಲಿ ನೋಡಿ, ಎನ್ನುವರು. ಎಂದು ಕನ್ನಡಕ ತೆಗೆಯುವರು. ತೆಗೆದು ಸ್ವಲ್ಪ ಹೊತ್ತು ಸುಮ್ಮನಾಗುವರು. ಆ ಸುಮ್ಮನಿರುವಿಕೆಯಲ್ಲಿ ಕೇಳುವವನ ಜೀವ ಒಂದು ಸಲ ಹೊರಗೆ ಹೋಗಿ ತಿರುಗಿ ಬರುತ್ತಿತ್ತು. ಅಂಥ ಮನುಷ್ಯ ಸಿಕ್ಕ ಮೇಲೆ ನಾನು ಸುಮ್ಮನಿರುತ್ತೇನೆಯೇ? ಎರಡನೆಯ ದಿನವೇ ಮನೆಯವರು ಕಾಯುತ್ತ ಕೂರುವ ಹಾಲ್‌ನಲ್ಲಿ ಅವರನ್ನು ಮಾಡಿ ತೋರಿಸಿದೆ. ಎಲ್ಲರ ಮನೆಯವರೂ ಒಳಗೆ ಸಾವಿನ ಹತ್ತಿರ ಮಲಗಿದ್ದವರೇ. ಆದರೂ ಜನ ನಕ್ಕರು. ಹತ್ತಿರದ ಬೆಂಚಿನಲ್ಲಿ ಚಂದಗಡದ ಕಡೆಯ ಒಬ್ಬ ಇದ್ದ, ಭತ್ತದ ಗದ್ದೆಯವನು, ನನ್ನ ವಯಸ್ಸಿನವನೇ. ಅವನ ತಾಯಿಗೂ ಮಾಮಾನಂತೆಯೇ ಆಗಿತ್ತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, “ಇನ್ನೊಮ್ಮೆ ಮಾಡ್ರಿ, ಕನ್ನಡಕ ತಗಿಯೂದು ಇನ್ನೊಮ್ಮೆ” ಅಂದ. ಮಾಡಿದೆ. ಜನ ಅಳುವ ಜಾಗದಲ್ಲಿ ನಗಿಸಿದೆನಲ್ಲ ಎಂದು ಎದೆಯುಬ್ಬಿಸಿಕೊಂಡು ಹೋಗಿ ಚಹಾ ಕುಡಿದೆ.

ಮರುದಿನ ಬೆಳಿಗ್ಗೆ ಡಾಕ್ಟರರು ನನ್ನನ್ನು ತಮ್ಮ ಕೋಣೆಗೆ ಕರೆದರು. ‘ಹೇ ಬಘಾ’ ಎಂದರು. ಕನ್ನಡಕ ತೆಗೆದರು. ನಗು ಬರದಂತೆ ತುಟಿ ಕಚ್ಚಿಕೊಂಡೆ. ಆಮೇಲೆ ಅವರು ಹೇಳಿದ್ದನ್ನು ಕೇಳಿ ತುಟಿ ತಾನಾಗಿ ಸಡಿಲಾಯಿತು. ಮಾಮಾನ ಶ್ವಾಸಕೋಶ ನೀರು ಕುಡಿದ ಅರಳೆಯಂತೆ ಭಾರವಾಗಿದೆ. ಜ್ವರದ ರೋಗಾಣು ಮಾಡಿದ ಹಾಳು ಒಂದಾದರೆ, ಅದರ ಮೇಲೆ ದೇಹ ಹೂಡಿದ ಜಗಳದಿಂದ ಆದ ಹಾಳು ಇನ್ನೊಂದು. ಈ ಎರಡನೆಯದನ್ನು ನಿಲ್ಲಿಸಲು ಹೇಳಿ ಮಾಡಿಸಿದ ಔಷಧ ಇಲ್ಲ. ಆಮ್ಲಜನಕ ಕೊಡುವುದು, ಬೋರಲಾಗಿ ಮಲಗಿಸುವುದು, ಕಾಯುವುದು. ಇಷ್ಟು ಹೇಳಿ, ಈಗ ಇನ್ನೊಂದು ವಿಷಯ ಎಂದರು.

ಎದೆಬಡಿತ ನಿಧಾನ ಮಾಡಲೆಂದು ಹೃದಯದ ಕಾಯಿಲೆಯವರಿಗೆ ಎಷ್ಟೋ ವರ್ಷದಿಂದ ಕೊಡುತ್ತ ಬಂದಿರುವ ಒಂದು ಔಷಧವಿದೆ. ಹಳೆಯದು, ಎಲ್ಲ ಡಾಕ್ಟರರ ಕೈ ಪಳಗಿದ್ದು. ಅದು ರಕ್ತದ ಬಿಳಿಕಣಗಳು ಶ್ವಾಸಕೋಶಕ್ಕೆ ನುಗ್ಗಿ ಮಾಡುವ ಹಾವಳಿಯನ್ನೂ ತಗ್ಗಿಸಬಹುದು ಎಂಬ ಗುಮಾನಿ ಕೆಲವರಿಗೆ ಇದೆ. ಗುಮಾನಿಯಷ್ಟೆ. ಅದನ್ನೇ ಈಗ ಪರೀಕ್ಷೆ ಮಾಡಿ ನೋಡುತ್ತಿದ್ದಾರೆ. ಒಪ್ಪಿದವರಲ್ಲಿ ಕೆಲವರಿಗೆ ರಕ್ತನಾಳದ ಮೂಲಕ ಆ ಔಷಧ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಆರಿಸುತ್ತದೆ, ಡಾಕ್ಟರರಿಗೂ ತಿಳಿಯುವುದಿಲ್ಲ. ಉಳಿದ ಉಪಚಾರ ಎಲ್ಲರಿಗೂ ಒಂದೇ. ಅಪಾಯವೂ ಇದೆ: ಎದೆಬಡಿತ ತೀರ ನಿಧಾನವಾಗಬಹುದು, ಬಿಪಿ ಇಳಿಯಬಹುದು. ಹಾಗಾದರೆ ತಕ್ಷಣ ನಿಲ್ಲಿಸುತ್ತಾರೆ. ಆದರೆ ಶುರು ಮಾಡುವುದಿದ್ದರೆ ಬೇಗ ಮಾಡಬೇಕು. ಯಂತ್ರಕ್ಕೆ ಹಾಕಿ ತಡವಾದವರನ್ನು ಈ ಪರೀಕ್ಷೆಗೆ ತೆಗೆದುಕೊಳ್ಳುವ ಹಾಗಿಲ್ಲ. ಮಾಮಾನ ಮಟ್ಟಿಗೆ ಇವತ್ತೇ ಕೊನೆ.

“ನಕ್ಕಿ ಫಾಯದಾ ಆಗ್ತದಲ್ರೀ?” ಎಂದು, ಅಂದರೆ ಖಂಡಿತ ಗುಣ ಸಿಗುತ್ತದಲ್ಲ ಎಂದು ಕೇಳಿದೆ.

“ಗೊತ್ತಿಲ್ಲ” ಎಂದರು. “ಗೊತ್ತಿದ್ದರೆ ನಿಮ್ಮನ್ನು ಯಾಕೆ ಕೇಳುತ್ತಿದ್ದೆ? ಸೀದಾ ಕೊಡುತ್ತಿದ್ದೆ.”

ಒಪ್ಪಬೇಕಾದವರು ಅವರ ಹೆಂಡತಿ, ನೀವಲ್ಲ ಎಂದೂ ಹೇಳಿದರು. ಜ್ವರದಲ್ಲಿರುವವರನ್ನು ಇಲ್ಲಿಗೆ ಕರೆಸುವುದು ಬೇಡ, ಮಧ್ಯಾಹ್ನ ನಾನೇ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳುತ್ತೇನೆ, ನರ್ಸ್ ಸಾಕ್ಷಿಯಾಗಿ ಕೂತಿರುತ್ತಾರೆ, ಅವರು ಹೂಂ ಅನ್ನಲಿ ಊಹೂಂ ಅನ್ನಲಿ ಅದು ಅವರ ಇಚ್ಛೆ ಎಂದರು.

ನಾನು ಹೊರಗೆ ಬಂದವನೇ ಅತ್ತೆಗೆ ಫೋನ್ ಹಚ್ಚಿದೆ. ಡಾಕ್ಟರರು ಮಾತಾಡುವ ಮೊದಲು ಸ್ವಲ್ಪ ಹದ ಮಾಡಿ ಇಡೋಣ ಎಂಬ ಶಾಣ್ಯಾತನ. ಅತ್ತೆ ಜ್ವರದಲ್ಲೂ ಅತ್ತೆಯೇ.

“ಹಾರ್ಟಿನ ಔಷಧ ಪುಪ್ಪುಸಕ್ಕ ಯಾಕಪಾ? ಅವರ ಎದಿ ಗಟ್ಟಿ ಅದ. ಗಿರಣ್ಯಾಗ ಪಟ್ಟಾ ಹರದ್ರ ಮೋಟಾರಿಗೆ ಎಣ್ಣಿ ಬಿಡ್ತಾರೇನು?”

“ಹಂಗಲ್ಲ ಅತ್ತಿ, ಬಿಳೀ ಕಣ ಅಂತ ಇರ್ತಾವ, ಅವು ಒಳಗ ನುಗ್ಗಿ…”

“ನೀ ಯಾವಾಗ ಡಾಕ್ಟರ ಆದ್ಯೋ? ನೆಟ್ಟಗ ಇರೂದು ಅದೊಂದ, ಅದಕ್ಕೂ ಕೈ ಹಚ್ಚಬ್ಯಾಡ ಅನ್ನು. ನಾ ಒಲ್ಲೆ.”

ಈ ‘ಒಲ್ಲೆ’ ನನ್ನನ್ನು ಹೆದರಿಸಿತು. ಈಗ ಯೋಚಿಸಿದರೆ ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಾನು ಕೇಳಬೇಕಾಗಿದ್ದನ್ನೇ ಅವರು ಕೇಳಿದ್ದರು, ಉತ್ತರ ಕೊಡಬೇಕಾದವರು ಮಧ್ಯಾಹ್ನ ಕೊಡುವವರಿದ್ದರು. ಆದರೆ ನಾನು ಆ ಹೊತ್ತಿಗೆ ನನ್ನೊಳಗೇ ತೀರ್ಮಾನ ಮಾಡಿಯಾಗಿತ್ತು: ಆ ಔಷಧ ಬಿದ್ದರೆ ಮಾಮಾ ಉಳಿಯುತ್ತಾರೆ, ಬೀಳದಿದ್ದರೆ ಇಲ್ಲ. ಡಾಕ್ಟರರಿಗೇ ಗೊತ್ತಿಲ್ಲದ್ದು ಬಟ್ಟೆ ಪೇಢಿಯ ಹುಡುಗನಿಗೆ ಹೇಗೆ ಗೊತ್ತಾಯಿತೋ! ಔಷಧ ಬರುವುದೋ ಉಪ್ಪುನೀರು ಬರುವುದೋ ಚೀಟಿಯ ಮೇಲೆ ನಿಂತಿದೆ ಎಂಬುದನ್ನಂತೂ ಕೋಣೆಯಿಂದ ಹೊರಗೆ ಕಾಲಿಡುತ್ತಿದ್ದಂತೆಯೇ ಮರೆತಿದ್ದೆ.

ಮಧ್ಯಾಹ್ನವಾಯಿತು. ಹೆದ್ದಾರಿಯಲ್ಲಿ ಯಾವುದೋ ಅಪಘಾತ, ಒಂದರ ಹಿಂದೊಂದು ಆಂಬುಲೆನ್ಸ್ ಬಂದವು. ಡಾಕ್ಟರರು ಒಳಗೆ ಹೋದವರು ಹೊರಗೆ ಬರಲಿಲ್ಲ. ನಾನು ಬಾಗಿಲು ನೋಡುತ್ತ ಕೂತೆ, ಎದ್ದೆ, ಮತ್ತೆ ಕೂತೆ. ಇವತ್ತೇ ಕೊನೆ ಎಂದಿದ್ದರಲ್ಲ, ಆ ಮಾತು ತಲೆಯಲ್ಲಿ ಮಗ್ಗದ ಹಾಗೆ ಬಡಿಯುತ್ತಿತ್ತು. ಅವರು ತಡವಾಗಿ ಬಂದರೆ? ಬಂದು, ಅವರ ‘ಗೊತ್ತಿಲ್ಲ’ವನ್ನು ಅತ್ತೆಯ ಕಿವಿಗೆ ಹಾಕಿದರೆ? ಒಲ್ಲೆ ಎಂದವರು ಇನ್ನಷ್ಟು ಗಟ್ಟಿಯಾಗುತ್ತಾರೆ. ಅದಕ್ಕಿಂತ ಡಾಕ್ಟರರ ಕೆಲಸ ನಾನೇ ಅರ್ಧ ಮಾಡಿ ಇಟ್ಟರೆ?

ನಮ್ಮ ಮನೆಗಳಲ್ಲಿ ಒಂದು ರೀತಿ ಇದೆ. ಊಟ, ಜಗಳ, ಮುದ್ದು ಎಲ್ಲ ಕನ್ನಡ. ಕಚೇರಿ, ಕೋರ್ಟು, ದವಾಖಾನೆ ಮರಾಠಿ. ಮರಾಠಿಯಲ್ಲಿ ಬಂದ ಮಾತಿಗೆ ಅತ್ತೆಯಂಥವರು ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಾರೆ. ನಾನು ಕನ್ನಡದಲ್ಲಿ ಹೇಳಿದರೆ ‘ನೀ ಯಾವಾಗ ಡಾಕ್ಟರ ಆದ್ಯೋ’. ಮರಾಠಿಯಲ್ಲಿ, ಆ ದನಿಯಲ್ಲಿ ಹೇಳಿದರೆ?

ನನ್ನ ನಂಬರು ಅತ್ತೆಗೆ ಗೊತ್ತು. ಚಂದಗಡದವನ ಹತ್ತಿರ ಮೊಬೈಲು ಕೇಳಿದೆ. ಏನೋ ಮಜಾ ಇದೆ ಎಂದುಕೊಂಡು ಅವನೂ ನನ್ನ ಹಿಂದೆ ಮೆಟ್ಟಿಲ ಕೆಳಗೆ ಬಂದ. ನಾನು ಗಂಟಲು ಸರಿಮಾಡಿಕೊಂಡೆ. ಇಲ್ಲದ ಕನ್ನಡಕವನ್ನು ತೆಗೆದೆ, ತೆಗೆಯದಿದ್ದರೆ ದನಿ ಬರುತ್ತಿರಲಿಲ್ಲ.

“ಹೇ ಬಘಾ ಕಾಕೂ, ಮೀ ಡಾಕ್ಟರ್ ಬೋಲತೋಯ್.” ನೋಡಿ ಅಮ್ಮಾ, ನಾನು ಡಾಕ್ಟರು ಮಾತಾಡುತ್ತಿರುವುದು ಎಂದು.

ಆ ಕಡೆ ಅತ್ತೆ ಸಾವರಿಸಿಕೊಂಡು ನೆಟ್ಟಗೆ ಕೂತದ್ದು ಕೇಳಿಸಿತು. ‘ನಮಸ್ಕಾರ ಸಾಹೇಬ’ ಎಂದರು. ನಾನು ಬೆಳಿಗ್ಗೆ ಕೇಳಿದ್ದನ್ನು ಒಪ್ಪಿಸಿದೆ, ಬೇಡದ್ದನ್ನು ಬಿಟ್ಟು. ಬೇಡದ್ದು ಎಂದರೆ ಉಪ್ಪುನೀರು, ಚೀಟಿ, ಅಪಾಯ. ಹಳೆಯ ಔಷಧ, ಹೆದರಿಕೆಯಿಲ್ಲದ್ದು, ಎದೆಗೆ ಏನೂ ಆಗುವುದಿಲ್ಲ ಎಂದೆ. ಅತ್ತೆ ಎಲ್ಲದಕ್ಕೂ ‘ಹೋ, ಹೋ’, ಅಂದರೆ ಹೌದು ಹೌದು, ಎನ್ನುತ್ತಿದ್ದರು. ಗಿರಣಿಯ ಪಟ್ಟಾ, ಮೋಟಾರಿನ ಎಣ್ಣೆ ಎಲ್ಲ ಎಲ್ಲಿ ಹೋದವೋ. ನಾನು ಒಳಗೊಳಗೇ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅವರ ಮರಾಠಿ ಕಳಚಿ ಬಿತ್ತು. ಕನ್ನಡದಲ್ಲಿ ಕೇಳಿದರು:

“ಸಾಹೇಬ್ರ, ಅವರು ಉಳೀತಾರೇನ್ರಿ?”

ಇದಕ್ಕೆ ನಾನು ತಯಾರಾಗಿರಲಿಲ್ಲ. ಔಷಧದ ಬಗ್ಗೆ ಕೇಳುತ್ತಾರೆ ಎಂದು ಕಾದಿದ್ದೆ. ಡಾಕ್ಟರರಾಗಿದ್ದರೆ ಇಲ್ಲಿ ಸುಮ್ಮನಾಗುತ್ತಿದ್ದರು ಎಂದು ನೆನಪಾಗಿ ನಾನೂ ಸುಮ್ಮನಾದೆ. ಸುಮ್ಮನಿರುವುದನ್ನೂ ಸರಿಯಾಗಿ ಅವರಷ್ಟೇ ಹೊತ್ತು ಮಾಡಿದೆ. ಅಂಗಿಯ ಜೇಬಿನಲ್ಲಿ ಮಾಮಾನ ಕರಡಿಗೆ ಎದೆಗೆ ಒತ್ತುತ್ತಿತ್ತು. ಆಮೇಲೆ ಹೇಳಿದೆ:

“ವಾಚತೀಲ್. ನಕ್ಕಿ ವಾಚತೀಲ್.”

ಉಳಿಯುತ್ತಾರೆ, ಖಂಡಿತ ಉಳಿಯುತ್ತಾರೆ. ಅತ್ತೆಯ ಉಸಿರು ಹೊರಗೆ ಬಿದ್ದದ್ದು ಕೇಳಿಸಿತು. “ಹಂಗಾದ್ರ ಕೊಡ್ರಿ, ಯಾವ ಔಷಧರ ಕೊಡ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ” ಎಂದು ಫೋನ್ ಇಟ್ಟರು.

ನಾನು ಮೊಬೈಲು ವಾಪಸು ಕೊಡುತ್ತ ಚಂದಗಡದವನಿಗೆ ಕಣ್ಣು ಹೊಡೆದೆ. ಅವನು ನಗಲಿಲ್ಲ. ಎಲ್ಲ ಅವನ ಕಣ್ಣೆದುರಿಗೇ ನಡೆದಿತ್ತು, ಈ ಡಾಕ್ಟರ ನಕಲಿ ಎಂದು ಅವನಿಗೆ ಗೊತ್ತಿತ್ತು. ಆದರೂ ನನ್ನ ಮುಂದೆ ನಿಂತು, ಸಣ್ಣ ದನಿಯಲ್ಲಿ ಅಂದ:

“ನಮ್ಮವ್ವನ ಸಲುವಾಗಿನೂ ಒಮ್ಮೆ ಅನ್ರಿ. ಅದ ದನ್ಯಾಗ.”

ಚೇಷ್ಟೆ ಇರಬೇಕು ಎಂದು ಅವನ ಮುಖ ನೋಡಿದೆ. ಇರಲಿಲ್ಲ. ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಇಲ್ಲದ ಕನ್ನಡಕ ಮತ್ತೆ ತೆಗೆದು, ನಿಮ್ಮ ತಾಯಿ ಉಳಿಯುತ್ತಾರೆ ಎಂದೆ. ಅವನು ಕೈ ಮುಗಿದ. ಮುಗಿದ ಮೇಲೆ ಅವನಿಗೇ ನಾಚಿಕೆಯಾಯಿತೇನೋ, ಮೊಬೈಲು ಜೇಬಿಗೆ ಹಾಕಿಕೊಂಡು ಬೇಗ ಬೇಗ ಮೆಟ್ಟಿಲು ಹತ್ತಿ ಹೋದ.

ಸಂಜೆ ಡಾಕ್ಟರರು ಬಂದರು. ಕೋಟಿನ ಮೇಲೆ ಕಲೆ, ಕಣ್ಣು ಕೆಂಪು. ತಡವಾಯಿತು ಎಂದು ನನ್ನಲ್ಲಿ, ಅದೂ ನನ್ನಂಥವನಲ್ಲಿ, ಕ್ಷಮೆ ಕೇಳಿದರು. ಇನ್ನೂ ಸ್ವಲ್ಪ ಸಮಯವಿದೆ ಎಂದು ನರ್ಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತೆಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಹೂಂ ಎಂದವರು ಮತ್ತೊಮ್ಮೆ ಹೂಂ ಅನ್ನುತ್ತಾರೆ, ಮುಗಿಯಿತು ಎಂದುಕೊಂಡು ನಾನು ಗೋಡೆಗೆ ಒರಗಿ ನಿಂತೆ. ನನ್ನ ಶಾಣ್ಯಾತನದ ಉದ್ದ ಅಷ್ಟೇ.

ಡಾಕ್ಟರರು ಹೆಸರು ಹೇಳಿ ಮಾತು ಶುರುಮಾಡುತ್ತಿದ್ದಂತೆಯೇ ಅತ್ತೆ ಅಂದರು, “ಮತ್ತ ಯಾಕ ತ್ರಾಸ ತಗೊಂಡ್ರಿ ಸಾಹೇಬ್ರ? ಮಧ್ಯಾಹ್ನನ ಹೂಂ ಅಂದೇನಲ್ರಿ. ನಕ್ಕಿ ಉಳೀತಾರ ಅಂತ ನೀವ ಹೇಳಿದ್ರಿ. ಈಗ ನನಗ ಅಂಜಿಕಿ ಇಲ್ರಿ.”

ಡಾಕ್ಟರರು ಮೇಜಿನ ಮೇಲಿನ ಮೊಬೈಲನ್ನೇ ನೋಡಿದರು. ಆಮೇಲೆ ನರ್ಸನ್ನು. ನರ್ಸ್ ನನ್ನ ಆಟವನ್ನು ಹಾಲ್‌ನಲ್ಲಿ ನೋಡಿದ್ದವರು, ತಲೆ ತಗ್ಗಿಸಿದರು. ಆಮೇಲೆ ಡಾಕ್ಟರರು ನನ್ನನ್ನು ನೋಡಿದರು. ಕನ್ನಡಕ ತೆಗೆಯಲಿಲ್ಲ.

“ಕಾಕೂ, ನಾನು ಹಾಗೆ ಹೇಳಿಲ್ಲ. ಹೇಳಲಿಕ್ಕೆ ನನಗೆ ಆಗುವುದೂ ಇಲ್ಲ” ಎಂದರು. ಮಾಮಾನ ಸ್ಥಿತಿ ಬಹಳ ಗಂಭೀರವಾಗಿದೆ, ನಾವು ಮಾಡುವುದನ್ನೆಲ್ಲ ಮಾಡುತ್ತಿದ್ದೇವೆ, ಉಳಿಯಬಹುದು, ಉಳಿಯದೆಯೂ ಇರಬಹುದು ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. ಎಲ್ಲ ಕೇಳಿಸಿಕೊಂಡು ಅತ್ತೆ ಕೇಳಿದರು:

“ಹಂಗಾದ್ರ ಮಧ್ಯಾಹ್ನ ಮಾತಾಡಿದಾವ ಯಾರು?”

ಡಾಕ್ಟರರು ಮೊಬೈಲನ್ನು ನನ್ನ ಕಡೆ ಸರಿಸಿದರು. ನೀನೇ ಹೇಳು ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನು ಹತ್ತಿರ ಹೋಗಿ ಬಗ್ಗಿ, “ನಾನ ಅತ್ತಿ” ಎಂದೆ. ಅಷ್ಟು ದನಿಗಳನ್ನು ತೆಗೆದವನಿಗೆ ಆ ಹೊತ್ತಿನಲ್ಲಿ ಸ್ವಂತದ್ದೇ ಸರಿಯಾಗಿ ಬರಲಿಲ್ಲ. ಅತ್ತೆ ಏನಾದರೂ ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಕೆಮ್ಮಿದ್ದು ಕೇಳಿಸಿತು, ಆಮೇಲೆ ಫೋನ್ ಕಟ್ಟಾಯಿತು.

ಡಾಕ್ಟರರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಅದನ್ನಾದರೂ ಮನಸ್ಸಿನಲ್ಲಿ ಅಣಕಿಸಿಕೊಂಡು ಹಗುರಾಗುತ್ತಿದ್ದೆ. ಅವರು ಕೂಗಲಿಲ್ಲ. ಪರೀಕ್ಷೆಗೆ ಈ ಪೇಶಂಟ್ ಬೇಡ ಎಂದು ನರ್ಸಿಗೆ ಹೇಳಿದರು, ಅಷ್ಟೆ. ನಾನು ಕೈ ಮುಗಿದೆ. ಇನ್ನೊಮ್ಮೆ ಫೋನ್ ಮಾಡಿ ಕೇಳಿ ಸಾಹೇಬ, ತಪ್ಪು ನನ್ನದು, ಮಾಮಾನದಲ್ಲ ಎಂದು ಗೋಗರೆದೆ.

“ಯಾರನ್ನು ಕೇಳಲಿ?” ಎಂದರು. “ಜ್ವರದಲ್ಲಿದ್ದಾರೆ. ಹೆದರಿದ್ದಾರೆ. ಈಗ ಅವರು ಹೂಂ ಅಂದರೆ ನಿನ್ನ ಸುಳ್ಳಿನ ಆಸೆಗೆ, ಊಹೂಂ ಅಂದರೆ ನಿನ್ನ ಮೇಲಿನ ಸಿಟ್ಟಿಗೆ. ಅವರದ್ದು ಅನ್ನುವ ಮಾತು ಈ ಹೊತ್ತು ಅವರ ಹತ್ತಿರ ಉಳಿದಿಲ್ಲ. ನಾಳೆ ಉಳಿದಿರಬಹುದು, ಆದರೆ ನಾಳೆಗೆ ಪರೀಕ್ಷೆಗೆ ಸೇರಿಸುವ ಗಡುವು ಮುಗಿದಿರುತ್ತದೆ.”

“ಹಂಗಾದ್ರ ಮಾಮಾಗ ಸಿಗೂ ಔಷಧಾ ನಾ ತಪ್ಪಿಸಿದ್ನೇನ್ರಿ?”

“ಸಿಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಸಿಕ್ಕಿದ್ದರೆ ಒಳ್ಳೆಯದಾಗುತ್ತಿತ್ತೋ ಕೆಟ್ಟದ್ದಾಗುತ್ತಿತ್ತೋ, ಅದೂ ಗೊತ್ತಿಲ್ಲ.” ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು. “ನಿನ್ನೆ ನೀನು ಹಾಲ್‌ನಲ್ಲಿ ನನ್ನನ್ನು ಮಾಡುವಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಭಾಳ ನಕ್ಕೆ. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ.”

ಇಷ್ಟು ಹೇಳಿ ಹೋದರು. ಪೊಲೀಸರಿಗೆ ಕೊಟ್ಟಿದ್ದರೂ ಅಷ್ಟು ಸಣ್ಣವನಾಗುತ್ತಿರಲಿಲ್ಲ ನಾನು.

ಆಮೇಲಿನ ದಿನಗಳಲ್ಲಿ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತೆ. ಒಳಗೆ ನಾಲ್ಕಾರು ಜನ ಸೇರಿ ಮಾಮಾನನ್ನು ಬೋರಲು ಮಾಡುವರು, ಮತ್ತೆ ಅಂಗಾತ ಮಾಡುವರು. ಡಾಕ್ಟರರು ದಿನವೂ ಬಂದು ಮೊದಲಿನಂತೆಯೇ ‘ಹೇ ಬಘಾ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೋಗುವರು. ನನ್ನ ಮೇಲಿನ ಬೇಸರವನ್ನು ಮಾಮಾನ ಉಪಚಾರದಲ್ಲಿ ಎಳ್ಳಷ್ಟೂ ಕಾಣಗೊಡಲಿಲ್ಲ. ಚಂದಗಡದವನು ದೂರದ ಬೆಂಚಿಗೆ ಹೋಗಿ ಕೂರುತ್ತಿದ್ದ. ಒಂದು ಬೆಳಿಗ್ಗೆ ನೋಡಿದರೆ ಅವನ ಚೀಲ, ಚಾಪೆ ಇರಲಿಲ್ಲ. ತಾಯಿಯನ್ನು ಬೇರೆ ವಾರ್ಡಿಗೆ ಒಯ್ದರೋ, ಊರಿಗೆ ಒಯ್ದರೋ, ಒಯ್ದಿದ್ದರೆ ಹೇಗೆ ಒಯ್ದರೋ. ನರ್ಸನ್ನು ಕೇಳಿದ್ದರೆ ಹೇಳುತ್ತಿದ್ದರು. ಕೇಳಲಿಲ್ಲ. ಆಕೆ ಉಳಿಯುತ್ತಾಳೆ ಎಂದು ಹೇಳಿದವನು ನಾನು, ಉಳಿದಳೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮಾಮಾ ಉಳಿದರು. ನಿಧಾನಕ್ಕೆ, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಅನ್ನುವ ಹಾಗೆ. ಮಗ ಬಂದ, ನಳಿಗೆ ತೆಗೆದರು, ದೀಪಾವಳಿ ಆಸ್ಪತ್ರೆಯಲ್ಲೇ ಆಯಿತು. ಆಮೇಲೆ ಆಮ್ಲಜನಕದ ಯಂತ್ರದ ಸಮೇತ ಗಡಹಿಂಗ್ಲಜಕ್ಕೆ ಹೋದರು. ನಾನು ಇಚಲಕರಂಜಿಗೆ ಬಂದೆ. ಪೇಢಿಯಲ್ಲಿ ಮಾಲೀಕರ ದನಿ ತೆಗೆ ಎಂದರೆ ಗಂಟಲು ಕಟ್ಟಿದೆ ಎನ್ನುತ್ತಿದ್ದೆ. ಅತ್ತೆ ಆ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ, ನನಗೂ ಏನೂ ಅಂದಿರಲಿಲ್ಲ. ಹೋದರೆ ಚಹಾ ತಂದು ಕೈಗೆ ಕೊಡುವ ಬದಲು ನನ್ನ ಮುಂದೆ ನೆಲದ ಮೇಲಿಡುತ್ತಿದ್ದರು.

ಮಾವಿನ ಹೂ ಬಿಡುವ ಹೊತ್ತಿಗೆ ಒಂದು ಭಾನುವಾರ ಗಡಹಿಂಗ್ಲಜಕ್ಕೆ ಹೋದೆ. ಮಾಮಾ ಪಡಸಾಲೆಯ ಕುರ್ಚಿಯಲ್ಲಿದ್ದರು. ಹಣೆಯ ಮೇಲೆ ವಿಭೂತಿ ಇತ್ತು, ದನಿ ಇರಲಿಲ್ಲ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಹುಡುಕುತ್ತಿದ್ದರು.

“ಏ ಮಂಗ್ಯಾ, ನನ್ನ ಹಳೀ ದನಿ ತಗಿ ನೋಡೂನು. ಹೆಂಗಿತ್ತು ಅಂತ ಮರತ ಹೋಗೇದ.”

ನಾನು ಒಲ್ಲೆ ಎಂದೆ. ಅವರು ಕೇಳಲಿಲ್ಲ. ಕಡೆಗೆ ಎದ್ದು ನಿಂತು ಪೇಟೆಯಲ್ಲಿ ಅವರು ಗಿರಾಕಿಯನ್ನು ಕೂಗುತ್ತಿದ್ದ ಹಾಗೆ ಕೂಗಿದೆ, ನಕ್ಕೆ, ನಡುವೆ ಸೀನಿದೆ. ಮಾಮಾ ಕುರ್ಚಿಯ ಕೈ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ಕೆಳಗಿನ ಫೋನಿನಿಂದ ಹಿಡಿದು ಡಾಕ್ಟರರ ಕೋಣೆಯ ತನಕ ಎಲ್ಲ ಹೇಳಿಬಿಟ್ಟೆ. ನಿಮ್ಮನ್ನು ಆ ಪರೀಕ್ಷೆಯಿಂದ ತಪ್ಪಿಸಿದವನು ನಾನು ಎಂದೆ. ಮಾಮಾ ಧೋತರದ ತುದಿಯಿಂದ ಕಣ್ಣೊರೆಸಿಕೊಂಡರು. ಬಯ್ಯಲಿ ಎಂದು ತಲೆ ಬಗ್ಗಿಸಿ ಕೂತಿದ್ದೆ.

“ಬಿಡೋ ಮಾರಾಯಾ” ಎಂದರು. “ನೀ ಉಳೀತಾರ ಅಂದಿ… ನಾ ಉಳದೆ. ನಿನ್ನ ಮಾತ ಖರೇ ಆತಲ್ಲ. ಮತ್ತೇನದ ಅದರಾಗ?”

ಮುಳುಗುವವನಿಗೆ ಕೈ ಸಿಕ್ಕಂತಾಯಿತು ನನಗೆ. ಅಷ್ಟು ದಿನದ ಭಾರವನ್ನು ಇಳಿಸಲು ಅದಕ್ಕಿಂತ ಸುಲಭದ ದಾರಿ ಇನ್ನೆಲ್ಲಿತ್ತು? ಅಡುಗೆಮನೆಯ ಬಾಗಿಲ ಕಡೆ ತಿರುಗಿ, ಹಳೆಯ ಚೇಷ್ಟೆಯ ಹಲ್ಲು ಬಿಟ್ಟು ಕೂಗಿದೆ:

“ಕೇಳಿದ್ರೇನು ಅತ್ತಿ? ನಾ ಅಂದಿದ್ದ ಖರೇ ಆತಂತ. ಇನ್ನರ ಚಹಾ ಕೈಯಾಗ ಕೊಡ್ರಿ.”

ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಸಿಟ್ಟು ಮಾಡಲಿಲ್ಲ. ಲೆಕ್ಕ ತಪ್ಪಿದ ಹುಡುಗನಿಗೆ ತಿದ್ದಿ ಹೇಳುವ ಹಾಗೆ ಹೇಳಿದರು:

“ಇವರಿಗೆ ನಳಿಗಿ ಹಾಕಿದಾಗಿಂದ ನಾ ಒಂದ ತುತ್ತ ಮುಟ್ಟಿರಲಿಲ್ಲ. ಅವತ್ತ ನಿನ್ನ ಫೋನ ಬಂದ ಮ್ಯಾಲ ದೇವರ ಮುಂದಿಂದ ಎದ್ದು, ಹೊಟ್ಟಿ ತುಂಬ ಉಂಡು, ನಕ್ಕೋತ ಮಲಗೇನಿ, ಇವರು ಅಲ್ಲಿ ಜೀವ ಹಿಡಕೊಂಡು ಒದ್ದಾಡೂ ಹೊತ್ತಿನ್ಯಾಗ. ಇವರು ಉಳದಿದ್ದು ಇವರ ಪುಣ್ಯಾ. ನಾ ಉಂಡಿದ್ದು ನಿನ್ನ ಸುಳ್ಳು. ಅದನ್ನ ಹೆಂಗ ಹೊರಗ ತಗೀತಿ, ಹೇಳು.”